ಫಿಶ್ ಟ್ಯಾಂಕ್ ಸ್ಟ್ಯಾಂಡನ್ನ ಒಮ್ಮೆ ತಳ್ಳಿ ನೋಡಿ

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ನಾಲ್ಕು ಅಡಿ ಉದ್ದದ ಫಿಶ್ ಟ್ಯಾಂಕ್ ಇದ್ರೆ ಇವತ್ತು ಸಂಜೆ ಒಂದು ಸಣ್ಣ ಕೆಲಸ ಮಾಡಿ. ಟ್ಯಾಂಕ್ ಮುಟ್ಟಬೇಡಿ. ಅದರ ಕೆಳಗಿನ ಸ್ಟ್ಯಾಂಡಿನ ಮೇಲ್ಭಾಗಕ್ಕೆ ಎರಡು ಬೆರಳು ಇಟ್ಟು, ಪಕ್ಕಕ್ಕೆ, ತುಂಬಾ ಮೆಲ್ಲಗೆ ಒತ್ತಿ. ಆಮೇಲೆ ನೀರಿನ ಮೇಲ್ಮೈ ನೋಡಿ. ನೀರು ಸುಮ್ಮನಿದ್ರೆ ಸಂತೋಷ. ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಹೊಯ್ದಾಡಿದ್ರೆ ದಯವಿಟ್ಟು ಈ ಲೇಖನ ಪೂರ್ತಿ ಓದಿ.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಎಲೆಕ್ಟ್ರಾನಿಕ್ಸ್. ಎಲ್ಲರೂ ಸೆಕೆಂಡ್ ಇಯರ್. ಎಲ್ಲರೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಇದನ್ನ ಕನ್ನಡದಲ್ಲಿ ಬರೆಯೋಕೆ ಲೆಕ್ಕ ಮಾಡಿದ್ದಕ್ಕಿಂತ ಜಾಸ್ತಿ ಟೈಮ್ ಹಿಡೀತು. ಆದ್ರೆ ಈ ಕಥೆಯಲ್ಲಿ ನಮಗೆ ಪಾಠ ಹೇಳಿದವರೆಲ್ಲ ಕನ್ನಡದಲ್ಲೇ ಹೇಳಿದ್ದು, ಆದ್ದರಿಂದ ಕನ್ನಡದಲ್ಲೇ ಬರೀತಿದ್ದೀವಿ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇಡೋರು ಮೀನಿಗೆ, ಫಿಲ್ಟರಿಗೆ, ಲೈಟಿಗೆ ಯೋಚನೆ ಮಾಡಿ ದುಡ್ಡು ಹಾಕ್ತಾರೆ. ಸ್ಟ್ಯಾಂಡ್ ಮಾತ್ರ "ಯಾವುದೋ ಒಂದು ಕಬ್ಬಿಣದ್ದು" ಅಂತ ತರ್ತಾರೆ. ಅದರಲ್ಲೂ ಒಂದರ ಮೇಲೊಂದು ಟ್ಯಾಂಕ್ ಇಡೋ ಎರಡು, ಮೂರು ಅಂತಸ್ತಿನ ಸ್ಟ್ಯಾಂಡ್ ಆದ್ರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಇದು ಎಷ್ಟು ಭಾರ ತಡೆಯುತ್ತೆ?" ಇದರ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನ ಯಾರೂ ಕೇಳಲ್ಲ: "ಇದು ಪಕ್ಕಕ್ಕೆ ಅಲ್ಲಾಡುತ್ತಾ?" ನಾವೂ ಕೇಳಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯನ ಮನೆ ಇದೆ. ಮೊದಲನೇ ಮಹಡಿ. ಹಾಲಿನ ಒಂದು ಗೋಡೆಗೆ ಅವನ ಅಪ್ಪನ ಟ್ಯಾಂಕ್, ಪಕ್ಕದ ಗೋಡೆಗೆ ಅಜ್ಜಿಯ ದಿವಾನ. ಟ್ಯಾಂಕ್ ಇದ್ದದ್ದು ತೂತು ತೂತಿನ ಆಂಗಲ್‌ಗಳನ್ನ ನಟ್ಟು ಬೋಲ್ಟ್ ಹಾಕಿ ಜೋಡಿಸಿದ ರ‍್ಯಾಕ್ ಮೇಲೆ. ಅಂಗಡಿಯಲ್ಲಿ ಫೈಲ್ ಇಡೋಕೆ ಬಳಸ್ತಾರಲ್ಲ, ಅದೇ. ಮೇಲಿನ ತಟ್ಟೆಯಲ್ಲಿ ನಾಲ್ಕಡಿ ಟ್ಯಾಂಕ್, ಕೆಳಗಿನ ತಟ್ಟೆಯಲ್ಲಿ ಮೀನಿನ ಆಹಾರದ ಡಬ್ಬಿ, ಹಳೇ ಪೇಪರ್, ಎಕ್ಸ್‌ಟೆನ್ಷನ್ ಬಾಕ್ಸ್. ನೆಲ ಒರೆಸುವಾಗ ಮಾಪ್ ತಗುಲಿದ್ರೆ ನೀರು ಅಲ್ಲಾಡ್ತಿತ್ತಂತೆ. ಆರು ವರ್ಷ ಅಲ್ಲಾಡಿದೆ, ಏನೂ ಆಗಿಲ್ಲ ಅಂತ ಎಲ್ಲರಿಗೂ ಅಭ್ಯಾಸ ಆಗಿತ್ತು.

ಹೋದ ಜನವರಿಯಲ್ಲಿ ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ಟ್ಯಾಂಕಿನ ಕೆಳ ಅಂಚಿನ ಸಿಲಿಕೋನ್ ಬಿಟ್ಟುಕೊಳ್ತು. ಅಜ್ಜಿ ಬಾತ್‌ರೂಮಿಗೆ ಅಂತ ಎದ್ದು ಕಾಲು ಕೆಳಗಿಟ್ಟಾಗ ನೆಲದ ತುಂಬ ನೀರು. ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ದೀಪ ಇನ್ನೂ ಉರೀತಿತ್ತು. ಅಜ್ಜಿ ಕೂಗಿದ್ದಕ್ಕೆ ಅಂಕಲ್ ಓಡಿಬಂದು ಮೊದಲು ಮೇನ್ ಸ್ವಿಚ್ ಆಫ್ ಮಾಡಿದ್ರು. ಅಷ್ಟರಲ್ಲಿ ಏನೂ ಆಗಲಿಲ್ಲ. ಏನಾದ್ರೂ ಆಗಬಹುದಿತ್ತು ಅನ್ನೋದನ್ನ ಆ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳಲ್ಲ. ಹದಿನಾಲ್ಕು ಮೀನಿನಲ್ಲಿ ಮೂರು ಬಕೆಟ್‌ನಲ್ಲಿ ಉಳಿದವು.

ಅಂಗಡಿಯವರು ಬಂದು ನೋಡಿ "ಸಿಲಿಕೋನ್ ಹಳೇದಾಗಿದೆ" ಅಂದ್ರು. ಇರಬಹುದು. ಆದ್ರೆ ನಾವು ಮಾರನೇ ದಿನ ಹೋಗಿ ರ‍್ಯಾಕ್ ಕಾಲಿಗೆ ತೂಕುಗುಂಡು ಬಿಟ್ಟು ನೋಡಿದಾಗ, ಕಾಲಿನ ಮೇಲ್ತುದಿ ಬುಡಕ್ಕಿಂತ 22 ಮಿಲಿಮೀಟರ್ ಎಡಕ್ಕೆ ವಾಲಿತ್ತು. ಅದೂ ನೀರೆಲ್ಲ ಖಾಲಿಯಾದ ಮೇಲೆ. ಕೆಳಗಿನ ಫ್ರೇಮ್ ಹೀಗೆ ತಿರುಚಿಕೊಂಡಿದ್ರೆ ಮೇಲಿರೋ ಗಾಜೂ ಅದರ ಜೊತೆ ತಿರುಚಿಕೊಳ್ಳಬೇಕು. ಗಾಜಿಗೆ ಅದು ಬರಲ್ಲ. ಆ ತಿರುಚೆಲ್ಲ ಹೋಗಿ ಸೇರೋದು ಅಂಟಿಸಿದ ಜಾಗಕ್ಕೆ. ಹಳೇ ಸಿಲಿಕೋನ್ ಸೋತಿತು ನಿಜ, ಆದ್ರೆ ಅದನ್ನ ದಿನಾ ಎಳೀತಾ ಇದ್ದದ್ದು ಸ್ಟ್ಯಾಂಡ್ ಅಂತ ನಮ್ಮ ವಾದ.

ಅಂಕಲ್ ಮೀನು ಬಿಡೋರಲ್ಲ. ಹೊಸ ಸ್ಟ್ಯಾಂಡ್ ಹೇಗೂ ಮಾಡಿಸ್ತೀವಿ, ಒಂದರ ಬದಲು ಎರಡು ಟ್ಯಾಂಕ್ ಇಡೋಣ, ಮೇಲೊಂದು ಕೆಳಗೊಂದು ಅಂದ್ರು. ಅಜ್ಜಿ, "ಮೀನು ಬೇಕಾದ್ರೆ ಸಾಕ್ಕೊಳ್ಳಿ, ನನ್ನ ತಲೆ ಪಕ್ಕ ಮಾತ್ರ ಬೇಡ" ಅಂದ್ರು. ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ನೀವೇ ಲೆಕ್ಕ ಹಾಕ್ಕೊಡಿ ಅಂತ ಕೆಲಸ ನಮ್ಮ ತಲೆಗೆ ಬಂತು.

ಮೊದಲು ಭಾರ. ಇದನ್ನ ಎಲ್ಲರೂ ಕಡಿಮೆ ಅಂದ್ಕೊಳ್ತಾರೆ. ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ ಸುಮಾರು 255 ಲೀಟರ್, 255 ಕೆಜಿ ನೀರು. 10 ಮಿಮೀ ಗಾಜು ಒಂದು ಚದರ ಮೀಟರಿಗೆ 25 ಕೆಜಿ ತೂಗುತ್ತೆ, ಈ ಅಳತೆಗೆ 50 ಕೆಜಿಗಿಂತ ಸ್ವಲ್ಪ ಜಾಸ್ತಿ. ಮರಳು, ಕಲ್ಲು ಸೇರಿ ಇನ್ನೊಂದು 30 ಕೆಜಿ. ಒಟ್ಟು 340 ಕೆಜಿ ಹತ್ತಿರ. ಎರಡು ಟ್ಯಾಂಕಿಗೆ 680 ಕೆಜಿ. ಹಾಲಿನ ಒಂದು ಮೂಲೆಯಲ್ಲಿ ಹತ್ತು ಹನ್ನೊಂದು ಜನ ದೊಡ್ಡವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ರಾತ್ರಿ ಹಗಲು ನಿಂತಿದ್ದಾರೆ ಅಂದ್ಕೊಳ್ಳಿ. ಅಷ್ಟು.

ನಾವು ಹುರುಪಿನಲ್ಲಿ ಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡಿದ್ವಿ. 40 ಬೈ 40 ಚೌಕ ಪೈಪ್, 2 ಮಿಮೀ ದಪ್ಪ, ನಾಲ್ಕು ಕಾಲು, ಎರಡು ಅಂತಸ್ತು, ನೇರ ನೇರ ಗೆರೆ. ಆ ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ 304 ಚದರ ಮಿಮೀ. ಉಕ್ಕಿನ ಯೀಲ್ಡ್ ಸ್ಟ್ರೆಸ್ 240 ಅಂತ ಹಿಡಿದ್ರೂ ಒಂದು ಕಾಲು ನೇರವಾಗಿ 7 ಟನ್‌ಗಿಂತ ಜಾಸ್ತಿ ಹೊರುತ್ತೆ. ನಾಲ್ಕು ಕಾಲಿಗೆ 29 ಟನ್. ನಾವು ಇಡೋದು ಮುಕ್ಕಾಲು ಟನ್ನೂ ಇಲ್ಲ. ಫ್ಯಾಕ್ಟರ್ ಆಫ್ ಸೇಫ್ಟಿ 40ಕ್ಕಿಂತ ಮೇಲೆ! ಎಕ್ಸಾಮ್‌ನಲ್ಲಿ ಇಂಥಾ ಉತ್ತರ ಬಂದ್ರೆ ಎಲ್ಲೋ ತಪ್ಪಾಗಿದೆ ಅಂತ ಮತ್ತೆ ಲೆಕ್ಕ ಮಾಡ್ತೀವಿ. ಇಲ್ಲಿ ಮಾತ್ರ ಖುಷಿಯಾಗಿ ಪ್ರಿಂಟ್ ತಗೊಂಡು ವೆಲ್ಡಿಂಗ್ ಶಾಪಿಗೆ ಹೋದ್ವಿ.

ಅಲ್ಲಿನ ಅಣ್ಣ ಡ್ರಾಯಿಂಗನ್ನ ಒಂದೇ ನಿಮಿಷ ನೋಡಿದ್ರು. "ಕ್ರಾಸ್ ಎಲ್ಲಿ?" ಅಂದ್ರು. ನಮಗೆ ಅರ್ಥ ಆಗಲಿಲ್ಲ. ಅವರು ಅಲ್ಲೇ ಬಿದ್ದಿದ್ದ ನಾಲ್ಕು ಪಟ್ಟಿ ಎತ್ತಿ, ಮೂಲೆಗೆ ಒಂದೊಂದು ಬೋಲ್ಟ್ ಹಾಕಿ ಚೌಕ ಮಾಡಿದ್ರು. ಬೆರಳಲ್ಲಿ ಮುಟ್ಟಿದ ತಕ್ಷಣ ಚೌಕ ಓರೆಯಾಗಿ ಮಡಚಿಕೊಳ್ತು. ಆಮೇಲೆ ಮೂಲೆಯಿಂದ ಮೂಲೆಗೆ ಇನ್ನೊಂದು ಪಟ್ಟಿ ಹಾಕಿ ನಮ್ಮ ಕೈಗೆ ಕೊಟ್ಟು, "ಈಗ ಮಡಚ್ರಪ್ಪಾ ನೋಡೋಣ" ಅಂದ್ರು. ಆಗಲಿಲ್ಲ. "ಭಾರ ಇಳಿಯೋದನ್ನ ಕಬ್ಬಿಣ ನೋಡ್ಕೊಳ್ಳುತ್ತೆ. ಅಲ್ಲಾಡೋದನ್ನ ನೀವು ನೋಡ್ಕೋಬೇಕು."

ತ್ರಿಕೋನ ಗಟ್ಟಿ, ಚೌಕ ಗಟ್ಟಿಯಲ್ಲ. ಇದನ್ನ ಫಸ್ಟ್ ಇಯರ್‌ನಲ್ಲಿ ಟ್ರಸ್ ಲೆಕ್ಕ ಮಾಡುವಾಗ ಎಷ್ಟು ಸಲ ಬರೆದಿದ್ವಿ! ಊರಲ್ಲಿ ಚಪ್ಪರ ಹಾಕೋರು ಕಂಬಕ್ಕೆ ಓರೆಯಾಗಿ ಗಳ ಕಟ್ಟೋದೂ ಇದಕ್ಕೇ. ಬರೆದ ನಮಗೆ ಹೊಳೀಲಿಲ್ಲ.

ಹಾಸ್ಟೆಲಿಗೆ ಬಂದು ಕೊನೇ ಮಾಡ್ಯೂಲ್‌ನ ಆಯ್ಲರ್ ಫಾರ್ಮುಲಾ ತೆಗೆದ್ವಿ. ಕಾಲಮ್ ಚಾಪ್ಟರ್, ಎಲ್ಲರೂ ಚಾಯ್ಸ್‌ನಲ್ಲಿ ಬಿಡೋದು. ಅಂಗಡಿ ಸ್ಟ್ಯಾಂಡ್‌ಗಳಲ್ಲಿ ಕಾಣೋ 25 ಬೈ 25, 2 ಮಿಮೀ ಪೈಪ್ ತಗೊಳ್ಳಿ. ಒಂದೂವರೆ ಮೀಟರ್ ಎತ್ತರದ ಕಾಲು. ಮೇಲಿನ ತುದಿ ಪಕ್ಕಕ್ಕೆ ಸರಿಯದ ಹಾಗೆ ಹಿಡಿದಿದ್ರೆ ಅದು ಬಾಗಿ ಸೋಲೋದು ಸುಮಾರು 1,460 ಕೆಜಿಗೆ. ಅದೇ ಕಾಲಿನ ಬುಡ ಬಿಗಿಯಾಗಿದ್ದು ಮೇಲಿನ ತುದಿ ಪಕ್ಕಕ್ಕೆ ಸರಿಯೋ ಹಾಗಿದ್ರೆ ಸುಮಾರು 365 ಕೆಜಿಗೇ. ನಾಲ್ಕನೇ ಒಂದು ಭಾಗ. ಕಬ್ಬಿಣ ಅದೇ, ಉದ್ದ ಅದೇ, ದುಡ್ಡೂ ಅದೇ. ವ್ಯತ್ಯಾಸ ಇರೋದು ಮೇಲ್ತುದಿಯನ್ನ ಯಾರು ಹಿಡಿದಿದ್ದಾರೆ ಅನ್ನೋದರಲ್ಲಿ. ಇನ್ನು ನಟ್ಟು ಬೋಲ್ಟಿನ ರ‍್ಯಾಕಿನಲ್ಲಿ ಬುಡವೂ ಬಿಗಿಯಲ್ಲ, ಮೂಲೆಯೂ ಬಿಗಿಯಲ್ಲ. ಬೋಲ್ಟ್ ಸಡಿಲ ಆದ ಹಾಗೆಲ್ಲ ಅದು ಬಾಗಿಲಿನ ತಿರುಗಣೆ ತರ ಕೆಲಸ ಮಾಡುತ್ತೆ. ಅಲ್ಲಿಗೆ ಯಾವ ಲೆಕ್ಕವೂ ಉಳಿಯಲ್ಲ.

ನಮ್ಮ ಸಿವಿಲ್ ಗೆಳತಿ ಇನ್ನೊಂದು ವಿಷಯ ಹೇಳಿದಳು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ದೂರದ ಅಹಮದಾಬಾದಿನಲ್ಲೂ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಬಿದ್ದವು. ಕಾರ್ ನಿಲ್ಲಿಸೋಕೆ ಅಂತ ನೆಲಮಾಳಿಗೆಯ ಮಟ್ಟದಲ್ಲಲ್ಲ, ರಸ್ತೆ ಮಟ್ಟದಲ್ಲೇ ಗೋಡೆ ಇಲ್ಲದೆ ಬರೀ ಕಂಬ ಬಿಟ್ಟಿದ್ದ ಕಟ್ಟಡಗಳಿಗೆ ಹೊಡೆತ ಜಾಸ್ತಿ ಬಿತ್ತು. ಮೇಲಿನ ಮಹಡಿಗಳಲ್ಲಿ ಗೋಡೆಗಳಿವೆ, ಅವು ಪಕ್ಕಕ್ಕೆ ಗಟ್ಟಿ. ಕೆಳಗೆ ಬರೀ ಕಾಲು. ಅದಕ್ಕೆ ಸಾಫ್ಟ್ ಸ್ಟೋರಿ ಅಂತಾರೆ. "ನಮ್ಮ ಡ್ರಾಯಿಂಗ್ ಕೂಡ ಅದೇ ಅಲ್ವಾ? ಮೇಲೆ ಗಾಜಿನ ಡಬ್ಬ, ಕೆಳಗೆ ಬರೀ ಕಾಲು" ಅಂದಳು. ಯಾರೂ ಮಾತಾಡಲಿಲ್ಲ.

ಎರಡನೇ ಡ್ರಾಯಿಂಗ್‌ನಲ್ಲಿ ನಾವು ಬದಲಿಸಿದ್ದು ಇವು. ಹಿಂಭಾಗದಲ್ಲಿ ಎರಡೂ ಅಂತಸ್ತಿಗೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆ ತರ 25 ಬೈ 5 ಪಟ್ಟಿ. ಒಂದೇ ಪಟ್ಟಿ ಸಾಲಲ್ಲ, ಯಾಕಂದ್ರೆ ತೆಳು ಪಟ್ಟಿ ಎಳೆತ ತಡೆಯುತ್ತೆ, ಒತ್ತಿದ್ರೆ ಬಾಗಿಬಿಡುತ್ತೆ. ಎರಡಿದ್ರೆ ಯಾವ ಕಡೆ ತಳ್ಳಿದ್ರೂ ಒಂದು ಎಳೆತಕ್ಕೆ ಸಿಗುತ್ತೆ. ಎರಡೂ ಪಕ್ಕದಲ್ಲಿ ಒಂದೊಂದು ಓರೆ ಪೈಪ್. ಮುಂದೆ ಕೈ ಹಾಕೋಕೆ, ನೋಡೋಕೆ ಜಾಗ ಬೇಕು, ಅಲ್ಲಿ ಕ್ರಾಸ್ ಆಗಲ್ಲ. ಅದಕ್ಕೆ ಮೂಲೆಗಳಿಗೆ ಅಂಗೈ ಅಗಲದ ತ್ರಿಕೋನ ಪ್ಲೇಟ್. ಇಷ್ಟಕ್ಕೆ ಹೆಚ್ಚುವರಿ ಕಬ್ಬಿಣ ಬೇಕಾಗಿದ್ದು ಸ್ವಲ್ಪವೇ. ಹಿಂದಿನ ಒಂದು ಓರೆ ಪಟ್ಟಿಯ ಉದ್ದ ಐದಡಿಯೂ ಇಲ್ಲ. ಆ ಐದಡಿ ಪಟ್ಟಿ ಉಳಿಸೋಕೆ ಹೋಗಿ ಎಷ್ಟು ಸ್ಟ್ಯಾಂಡ್‌ಗಳು ತೊಟ್ಟಿಲು ಆಗಿವೆಯೋ!

ಆಮೇಲೆ ಮಗುಚುವ ಪ್ರಶ್ನೆ. ಸ್ಟ್ಯಾಂಡ್ ಒಂದೂವರೆ ಅಡಿ ಆಳ ಅಷ್ಟೇ, ಆದ್ರೆ ಮೇಲಿನ ಟ್ಯಾಂಕಿನ ಮಧ್ಯಭಾಗ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿದೆ. ಎರಡೂ ಟ್ಯಾಂಕ್ ತುಂಬಿದ್ರೆ, ಆ ಎತ್ತರದಲ್ಲಿ ಮುಂದಕ್ಕೆ ಎಳೆದು ಮಗುಚೋಕೆ ಸುಮಾರು 115 ಕೆಜಿ ಬಲ ಬೇಕು. ಕೆಳಗಿನದು ಖಾಲಿ, ಮೇಲಿನದು ಮಾತ್ರ ತುಂಬಿದೆ ಅಂದ್ರೆ 58 ಕೆಜಿ ಸಾಕು. ಹಳೇ ರ‍್ಯಾಕ್ ಹೆಚ್ಚುಕಮ್ಮಿ ಹೀಗೇ ಇತ್ತು: ಮೇಲೆ ಟ್ಯಾಂಕ್, ಕೆಳಗೆ ಹಳೇ ಪೇಪರ್. ಒಬ್ಬರು ಕಾಲು ಜಾರಿ ಅದನ್ನ ಹಿಡ್ಕೊಂಡ್ರೆ ಏನು ಗತಿ? ಆದ್ದರಿಂದ ನಿಯಮ: ತುಂಬುವಾಗ ಕೆಳಗಿನದು ಮೊದಲು, ಖಾಲಿ ಮಾಡುವಾಗ ಮೇಲಿನದು ಮೊದಲು. ಮೇಲಿನ ಫ್ರೇಮನ್ನ ಎರಡು ಕಡೆ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಬಿಗೀಬೇಕು. ಗೋಡೆಗೆ ತೂತು ಬೀಳುತ್ತೆ ಅಂತ ಅಂಕಲ್ ಮುಖ ಸಣ್ಣ ಮಾಡಿದ್ರು. ಅಜ್ಜಿ, "ತೂತು ಬಿದ್ರೆ ಮುಚ್ಚಬಹುದು" ಅಂದ್ರು.

ಇನ್ನು ಅಡ್ಡ ಪೈಪ್. ನಾಲ್ಕಡಿ ಉದ್ದಕ್ಕೆ ಮುಂದೊಂದು ಹಿಂದೊಂದು ಪೈಪ್, ತಲಾ 170 ಕೆಜಿ. ಎರಡು ತುದಿಯಲ್ಲಿ ಸುಮ್ಮನೆ ಆಧಾರ ಇದೆ ಅಂತ ಹಿಡಿದು ಲೆಕ್ಕ ಹಾಕಿದ್ರೆ, 25 ಬೈ 25 ಪೈಪ್ ಮಧ್ಯದಲ್ಲಿ 12 ಮಿಮೀ ಬಾಗುತ್ತೆ. 40 ಬೈ 40 ಆದ್ರೆ 2.7 ಮಿಮೀ. ಗಾಜು ಹಾಗೆ ಬಾಗಲ್ಲ, ಹಾಗಾಗಿ ಭಾರ ಎಲ್ಲ ಮೂಲೆಗಳಿಗೆ ಹೋಗಿ ಕೂರುತ್ತೆ. ಇಲ್ಲಿ ಎಲ್ಲರೂ ಹೇಳೋ ಪರಿಹಾರ "ದಪ್ಪ ಪೈಪ್ ಹಾಕ್ಸಿ". ಹಾಕಿಸಿ ನೋಡಿ: ಅದೇ 40 ಬೈ 40ರಲ್ಲಿ 4 ಮಿಮೀ ದಪ್ಪದ್ದು ತಗೊಂಡ್ರೆ ತೂಕ ಹತ್ತಿರ ಹತ್ತಿರ ಎರಡರಷ್ಟು ಆಗುತ್ತೆ, ಬಾಗು 1.6 ಮಿಮೀಗೆ ಇಳಿಯುತ್ತೆ. ಅದರ ಬದಲು 60 ಬೈ 40, 2 ಮಿಮೀ ಪೈಪನ್ನ 60 ಇರೋ ಮುಖ ನೆಟ್ಟಗೆ ಬರೋ ಹಾಗೆ ಇಟ್ರೆ ತೂಕ ಕಾಲು ಭಾಗ ಮಾತ್ರ ಜಾಸ್ತಿ, ಬಾಗು 1 ಮಿಮೀ. ಕಬ್ಬಿಣವನ್ನ ಕೆಜಿ ಲೆಕ್ಕದಲ್ಲಿ ಕೊಳ್ಳೋ ಊರಲ್ಲಿ ಇದು ಗೊತ್ತಿರಬೇಕು. ದಪ್ಪಕ್ಕಿಂತ ಎತ್ತರ ಕೆಲಸಕ್ಕೆ ಬರುತ್ತೆ. ನಾವು 60 ಬೈ 40 ಹಾಕಿಸಿದ್ವಿ.

ಮಧ್ಯದಲ್ಲಿ ಇನ್ನೊಂದು ಜೊತೆ ಕಾಲು ಕೊಡೋಣ ಅಂತ ನಮ್ಮಲ್ಲಿ ಒಬ್ಬ ವಾದ ಮಾಡಿದ. ಕಾಗದದ ಮೇಲೆ ಅದು ತುಂಬಾ ಒಳ್ಳೇದು, ಬಾಗು ಹೆಚ್ಚುಕಮ್ಮಿ ಮಾಯವಾಗುತ್ತೆ. ಆದ್ರೆ ನೆಲ ಸಮ ಇರಲ್ಲ. ನಾಲ್ಕು ಕಾಲಿನ ಸ್ಟೂಲೇ ಕುಂಟುತ್ತೆ, ಆರು ಕಾಲಿಂದು ಕೇಳಬೇಕಾ? ಒಂದು ಕಾಲು 2 ಮಿಮೀ ಗಿಡ್ಡ ಆದ್ರೆ ಭಾರ ಹೊರೋದು ಎದುರುಬದುರು ಮೂಲೆಯ ಎರಡು ಕಾಲು ಮಾತ್ರ, ಫ್ರೇಮ್ ಮತ್ತೆ ತಿರುಚಿಕೊಳ್ಳುತ್ತೆ. ಅದಕ್ಕೆ ನಾಲ್ಕೇ ಕಾಲು, ಪ್ರತಿ ಕಾಲಿನ ಬುಡದಲ್ಲಿ ಎತ್ತರ ಸರಿಮಾಡೋ ಬೋಲ್ಟ್, ಅದರ ಕೆಳಗೆ 10 ಸೆಂಟಿಮೀಟರ್ ಚೌಕದ ಪ್ಲೇಟ್, ಪ್ಲೇಟ್ ಕೆಳಗೆ ರಬ್ಬರ್. ಪ್ಲೇಟ್ ಇಲ್ಲದಿದ್ರೆ 170 ಕೆಜಿ ಒಂದು ಬಿಸ್ಕೆಟ್‌ಗಿಂತ ಚಿಕ್ಕ ಜಾಗದಲ್ಲಿ ಟೈಲ್ಸ್ ಮೇಲೆ ಕೂರುತ್ತೆ.

ಮಟ್ಟ ಮಾಡೋಕೆ ನಾವು ಫೋನಿನಲ್ಲಿ ಆ್ಯಪ್ ತೆಗೆದ್ವಿ. ಕೆಳಗಿನ ಮನೆಯಲ್ಲಿ ಗಾರೆ ಕೆಲಸ ಮಾಡ್ತಿದ್ದ ಮೇಸ್ತ್ರಿ ನೋಡಿ ನಕ್ಕು, ತಮ್ಮ ರಸಮಟ್ಟ ಕೊಟ್ರು. ಸ್ಪಿರಿಟ್ ಲೆವೆಲ್‌ಗೆ ರಸಮಟ್ಟ, ಟ್ರೈ ಸ್ಕ್ವೇರ್‌ಗೆ ಮೂಲೆಮಟ್ಟ ಅಂತ ಹೆಸರಿದೆ ಅನ್ನೋದು ನಮಗೆ ಅವತ್ತೇ ಗೊತ್ತಾಗಿದ್ದು. ವರ್ಕ್‌ಶಾಪ್ ಲ್ಯಾಬಿನಲ್ಲಿ ಒಂದು ವರ್ಷ ಮೂಲೆಮಟ್ಟ ಹಿಡಿದು ಫೈಲಿಂಗ್ ಮಾಡಿದ್ದೀವಿ, ಅದರ ಹೆಸರು ಗೊತ್ತಿರಲಿಲ್ಲ.

ಪೈಪ್ ಮೇಲೆ ನೇರವಾಗಿ ಗಾಜು ಇಡಬಾರದು. ಮೇಲೆ 18 ಮಿಮೀ ಪ್ಲೈವುಡ್, ಅದೂ ಐಎಸ್ 710 ಅಂತ ಗುರುತಿರೋ ಮರೈನ್ ಗ್ರೇಡ್. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಊದಿಕೊಳ್ಳುತ್ತೆ. ಪ್ಲೈವುಡ್ ಮೇಲೆ ಒಂದು ತೆಳು ಥರ್ಮಾಕೋಲ್ ಹಾಳೆ, ತಳದ ಗಾಜು ಪೂರ್ತಿ ಚಪ್ಪಟೆಯಾಗಿ ಕೂರೋ ಟ್ಯಾಂಕ್ ಆದ್ರೆ. ಸಣ್ಣ ಮರಳು ಕಣ ಸಿಕ್ಕಿಕೊಂಡ್ರೂ ಅದು ನುಂಗಿಕೊಳ್ಳುತ್ತೆ. ತಳಕ್ಕೆ ಸುತ್ತ ಫ್ರೇಮ್ ಇರೋ ಟ್ಯಾಂಕ್ ಆದ್ರೆ ಥರ್ಮಾಕೋಲ್ ಬೇಡ, ಅದರ ಭಾರ ಫ್ರೇಮಿನ ಅಂಚಿನಲ್ಲೇ ಇಳೀಬೇಕು. ಪೈಪಿನ ಬಾಯಿಗಳನ್ನ ಮುಚ್ಚಿಸಿ, ಬೆಸುಗೆಯ ಜಾಗ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೈ ಪೇಂಟ್. ವೈರ್‌ಗಳು ಸಾಕೆಟ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗಬೇಕು, ಆಗ ವೈರ್ ಮೇಲೆ ಹರಿದ ನೀರು ಸಾಕೆಟ್‌ಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತೆ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಇರಲೇಬಾರದು. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕೋದನ್ನ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯ ತಾನೇ ನಿಂತು ಮಾಡಿಸಿದ. ಆ ರಾತ್ರಿಯ ಕೆಂಪು ದೀಪ ಅವನಿಗೆ ಮರೆತಿಲ್ಲ.

ಈಗ ಮಹಡಿ. ಮನೆಗಳ ಕೋಣೆಗಳಿಗೆ ಐಎಸ್ 875 ಹೇಳೋ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದ್ರೆ ಸುಮಾರು 200 ಕೆಜಿ. ನಮ್ಮ ಸ್ಟ್ಯಾಂಡ್ ನಿಲ್ಲೋ ಜಾಗ ಅರ್ಧ ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. 680 ಕೆಜಿಯನ್ನ ಅದಕ್ಕೆ ಭಾಗಿಸಿದ್ರೆ ಚದರ ಮೀಟರಿಗೆ 1,200 ಕೆಜಿ ದಾಟುತ್ತೆ, ಆರು ಪಟ್ಟು. ಇದನ್ನ ನೋಡಿ ನಾವು ಹೆದರಿದ್ವಿ. ಗೆಳತಿ ಸಮಾಧಾನ ಹೇಳಿದಳು: 200 ಅನ್ನೋದು ಇಡೀ ಕೋಣೆಗೆ ಹರಡಿದ ಲೆಕ್ಕ, ಈ ಹಾಲಿಗೆ ಅದು ಎರಡು ಟನ್ ಮೇಲಾಗುತ್ತೆ, ಎಲ್ಲಿ ಇಡ್ತೀವಿ ಅನ್ನೋದು ಮುಖ್ಯ. ಕೋಣೆಯ ಮಧ್ಯ ಬೇಡವೇ ಬೇಡ. ಕೆಳಗೆ ಬೀಮ್ ಇರೋ ಗೋಡೆಗೆ ತಾಗಿ ಇಡಬೇಕು. ಆದ್ರೂ ಅವಳು ತಾನೇ ತೀರ್ಪು ಕೊಡಲಿಲ್ಲ. ಮನೆ ಕಟ್ಟಿಸಿದ ಇಂಜಿನಿಯರಿಗೆ ತೋರಿಸಿ ಅಂದಳು, ಅಂಕಲ್ ತೋರಿಸಿದ್ರು, ಅವರು ಜಾಗ ಗುರುತು ಮಾಡಿಕೊಟ್ರು. ಎರಡನೇ ವರ್ಷದಲ್ಲಿ ನಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಅನ್ನೋದೂ ಒಂದು ಲೆಕ್ಕ.

ಅಷ್ಟಕ್ಕೇ ಅಂಕಲ್ ಆಸೆ ನಿಲ್ಲಲಿಲ್ಲ. ಮೇಲೆ ಇನ್ನೊಂದು ಅಂತಸ್ತು, ಮೂರನೇ ಟ್ಯಾಂಕ್ ಅಂದ್ರು. ಇಲ್ಲಿ ನಾವು ಗಟ್ಟಿಯಾಗಿ ಬೇಡ ಅಂದ್ವಿ, ಈಗಲೂ ಅದೇ ನಮ್ಮ ಅಭಿಪ್ರಾಯ. ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಆದ್ರೆ ಎರಡೇ ಅಂತಸ್ತು. ಮೂರನೆಯದು ಬಂದ್ರೆ ಭಾರ ಒಂದು ಟನ್ ದಾಟುತ್ತೆ, ಮೇಲಿನ ನೀರು ನಮ್ಮ ತಲೆಗಿಂತ ಎತ್ತರ ಹೋಗುತ್ತೆ, ಕ್ಲೀನ್ ಮಾಡೋಕೆ ಸ್ಟೂಲ್ ಹತ್ತಬೇಕು, ಸ್ಟೂಲ್ ಹತ್ತಿದವರು ಬೀಳುವಾಗ ಹಿಡಿಯೋದು ಅದನ್ನೇ. ಅಂಗಡಿಗಳಲ್ಲಿ ಮೂರು ನಾಲ್ಕು ಅಂತಸ್ತು ಇರುತ್ತಲ್ಲ ಅಂತ ಕೇಳಬಹುದು. ಅಲ್ಲಿ ಸಾಮಾನ್ಯವಾಗಿ ಚಿಕ್ಕ ಟ್ಯಾಂಕ್‌ಗಳು, ಸಾಲಾಗಿ ಒಂದಕ್ಕೊಂದು ಜೋಡಿಸಿದ ಫ್ರೇಮ್‌ಗಳು, ಹೆಚ್ಚಾಗಿ ನೆಲಮಹಡಿ. ಅಲ್ಲಿ ಯಾರೂ ಪಕ್ಕದಲ್ಲಿ ಮಲಗಲ್ಲ.

"ಸಾವಿರಾರು ಜನ ಇಂಥ ಸ್ಟ್ಯಾಂಡ್ ಇಟ್ಕೊಂಡಿದ್ದಾರೆ, ಏನೂ ಆಗಿಲ್ಲ. ನೀವು ಇಂಜಿನಿಯರಿಂಗ್ ಹುಡುಗರು ಸುಮ್ನೆ ಹೆದರಿಸ್ತೀರಿ" ಅಂತ ಒಬ್ಬ ಅಂಗಡಿಯವರು ನಮಗೆ ಹೇಳಿದ್ರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನೇರ ಭಾರಕ್ಕೆ ಆ ಸ್ಟ್ಯಾಂಡ್‌ಗಳೂ ಸಾಕು, ನಮ್ಮ 40 ಪಟ್ಟು ಲೆಕ್ಕ ಅದನ್ನೇ ಹೇಳುತ್ತೆ. ಅದಕ್ಕೇ ಅವು ಆರು ವರ್ಷ ನಿಲ್ಲುತ್ತವೆ. ಆದ್ರೆ ಆರು ವರ್ಷ ಬೀಳದೆ ನಿಂತಿದ್ದು ಬೇರೆ, ಆರು ವರ್ಷ ಅಲ್ಲಾಡದೆ ನಿಂತಿದ್ದು ಬೇರೆ. ಒಂದು ಪ್ಲಾಸ್ಟಿಕ್ ಕುರ್ಚಿಗೂ ಇಷ್ಟು ಕೆಜಿ ಅಂತ ಬರೆದಿರೋದನ್ನ ನೋಡಿದ್ದೀವಿ. 340 ಕೆಜಿ ಹೊರೋ ಸ್ಟ್ಯಾಂಡಿನ ಮೇಲೆ ಎಷ್ಟು ಟ್ಯಾಂಕಿಗೆ, ಗೋಡೆಗೆ ಬಿಗಿಯಬೇಕೋ ಬೇಡವೋ ಅಂತ ಒಂದು ಚೀಟಿ ಅಂಟಿಸೋಕೆ ಏನು ಕಷ್ಟ? ಬಡಪಾಯಿ ಗಿರಾಕಿ ಕೇಳಲ್ಲ ಅಂತ ಅಂಗಡಿಯವರೂ ಹೇಳಲ್ಲ. ಇನ್ನು ಮೇಲಾದ್ರೂ ಕೇಳೋಣ.

ನಮ್ಮ ಕಾಲೇಜಿನವರಿಗೆ ಇನ್ನೊಂದು ಮಾತು. ನಮಗೆ ಫಾರ್ಮುಲಾ ಗೊತ್ತಿತ್ತು, ಆ ಅಣ್ಣನಿಗೆ ಸ್ಟ್ಯಾಂಡ್ ಗೊತ್ತಿತ್ತು. ಅವರು "ಕ್ರಾಸ್ ಎಲ್ಲಿ?" ಅಂತ ಕೇಳದೆ, ಹುಡುಗರು ಕೊಟ್ಟ ಡ್ರಾಯಿಂಗ್ ತಾನೇ ಅಂತ ಹಾಗೇ ಬೆಸುಗೆ ಹಾಕಿ ದುಡ್ಡು ತಗೊಂಡಿದ್ರೆ? ಹಾಗೆಯೇ 60 ಬೈ 40 ಪೈಪನ್ನ ನೆಟ್ಟಗೆ ಇಟ್ರೆ ಎಷ್ಟು ಬಾಗು ಕಡಿಮೆ ಅಂತ ನಾವು ಲೆಕ್ಕ ತೋರಿಸಿದಾಗ ಅವರೂ ಆಸಕ್ತಿಯಿಂದ ಕೂತು ಕೇಳಿದ್ರು, ಆ ಹಾಳೆಯನ್ನ ಶಾಪಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಪ್ರಾಜೆಕ್ಟ್ ಅಂದ್ರೆ ರೋಬೋ, ಡ್ರೋನ್ ಅಂತ ಮಾತ್ರ ಯೋಚಿಸೋ ನಾವು, ನಮ್ಮ ಮನೆಯ ಹಾಲಿನಲ್ಲಿ ಮುಕ್ಕಾಲು ಟನ್ ಯಾವುದರ ಮೇಲೆ ನಿಂತಿದೆ ಅಂತ ಒಮ್ಮೆ ನೋಡಬಹುದು.

ಸ್ಟ್ಯಾಂಡ್ ಬಂದ ದಿನ ಕೆಳಗಿನ ಟ್ಯಾಂಕ್ ಮೊದಲು, ಅರ್ಧ ಅರ್ಧ ತುಂಬಿ, ರಸಮಟ್ಟ ನೋಡಿ, ಒಂದು ರಾತ್ರಿ ಬಿಟ್ಟು, ಆಮೇಲೆ ಮೇಲಿನದು ತುಂಬಿದ್ವಿ. ಎಲ್ಲ ಮುಗಿದ ಮೇಲೆ ಅಜ್ಜಿ ಬಂದ್ರು. ಯಾರೂ ಹೇಳಿಕೊಡದಿದ್ರೂ ಫ್ರೇಮಿನ ಮೇಲೆ ಅಂಗೈ ಇಟ್ಟು ಪಕ್ಕಕ್ಕೆ ತಳ್ಳಿದ್ರು. ನೀರು ಅಲ್ಲಾಡಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ತಳ್ಳಿದ್ರು. ಆಗಲೂ ಇಲ್ಲ.

"ಪರವಾಗಿಲ್ಲ" ಅಂದ್ರು. ದಿವಾನ ಮಾತ್ರ ಎದುರು ಗೋಡೆಗೆ ಹಾಕಿಸಿಕೊಂಡ್ರು. ನಾವೇ ನಾಲ್ಕು ಜನ ಎತ್ತಿ ಇಟ್ಟಿದ್ದು. ಅವರು ಮಾಡಿದ್ದೂ ಸರಿಯೇ ಅಂತ ನಮ್ಮ ಅಭಿಪ್ರಾಯ.